ಕಸುಂಬಲೇಸಾ ಸಾಲಿನಲ್ಲಿ

ಇವತ್ತಿಗೆ ಆರು ದಿನ. ಗಡಿಯ ಗೇಟಿಗೆ ಇನ್ನೂ
ಹನ್ನೊಂದು ಕಿಲೋಮೀಟರ್, ಅಂದರೆ
ಐನೂರ ಮೂವತ್ತೆಂಟು ಲಾರಿ.
ನಿನ್ನೆ ನಾನೇ ನಡೆದು ಹೋಗಿ ಎಣಿಸಿದ್ದು.

ನಾನು ಕಬಾಸೊ, ಸಿಮುಕೊಂಡಾನ ಲಾರಿಯ ಕ್ಲೀನರ್.
ನಮ್ಮ ಬೆನ್ನಿಗೆ ಮೂವತ್ತು ಟನ್ ಗಂಧಕ.
ತಾಡಪಾಲಿನ ತೂತಿಂದ ಉದುರುದುರಿ
ರೆಪ್ಪೆಗೆ, ಬನ್ನಿಗೆ, ಮುದುಕನ ಗಡ್ಡಕ್ಕೆ
ಮದುಮಗನ ಅರಿಶಿನದ ಹಾಗೆ ಮೆತ್ತಿಕೊಂಡಿದೆ.
ಬೀಡಿ ಹಚ್ಚುವವರು ನಮ್ಮಿಂದ ದೂರ ಹೋಗಬೇಕು.

ಹೆವಿ ಲೈಸೆನ್ಸಿಗೆ ದುಡ್ಡು ಕಟ್ಟಲು ಶುಕ್ರವಾರ ಕೊನೆ.
ಕಟ್ಟಲೋ ಬೇಡವೋ?
ಅದಕ್ಕೇ ಒಬ್ಬೊಬ್ಬರನ್ನೇ ಕೇಳುತ್ತ ಬಂದೆ, ನಿನಗೆಷ್ಟು ಅಂತ,
ಹಳೆಯ ಕಸ್ಟಮ್ಸ್ ಫಾರಮ್ಮಿನ ಬೆನ್ನಿಗೆ ಬರೆದುಕೊಂಡೆ.
ಊರಲ್ಲಾದರೆ ಬಾಯಿ ಬಿಟ್ಟು ಕೇಳುವ ಮಾತಲ್ಲ.
ಇಲ್ಲಿ ಒಂದೇ ಮರದ ಹಿಂದೆ ಐದು ದಿನ ಹೋಗಿ ಬಂದವರು
ಮುಚ್ಚಿಡುವುದಾದರೂ ಏನನ್ನು?

ಎಂಬೆಯಾದ ಮ್ವೈಪೊಪೊಗೆ ಟ್ರಿಪ್ಪಿನ ಲೆಕ್ಕ.
ಬಂದರಿಂದ ಇಲ್ಲಿಗೆ, ಇಲ್ಲಿಂದ ವಾಪಸ್: ಆರುನೂರು ಡಾಲರ್.
ನಾನು ಬಾಯಿ ಚಪ್ಪರಿಸಿದೆ.
ತಡಿ, ಅಂದ. ಅದರಲ್ಲೇ ಪೊಲೀಸರ ಚಹಾ, ಪಂಚರ್,
ರಾತ್ರಿ ಯಾರೋ ಹೀರಿಕೊಂಡ ಡೀಸೆಲ್ಲಿನ ಬೆಲೆ.
ಮೊದಲು ತಿಂಗಳಿಗೆರಡು ಟ್ರಿಪ್. ಈಗ ಒಂದು, ಅದೂ ಕುಂಟುತ್ತ.
ಮನೆಯವಳು ಫೋನಿನಲ್ಲಿ ಮೊದಲು ಕೇಳುವುದು
ಲಾರಿ ಸರಿಯಿತಾ ಅಂತ.

ಮುತಾರೆಯ ಚೆಂಜೆರಾಯಿಗೆ ಕಿಲೋಮೀಟರಿಗೆ ಎಂಟು ಸೆಂಟ್.
ನಿಂತ ಗಾಲಿಗೆ?
ನಿಂತ ಗಾಲಿ ಮಾಲೀಕನ ಕಣ್ಣಿಗೆ ಕಾಣುವುದಿಲ್ಲ.
ಆರು ದಿನಕ್ಕೆ ನಾಲ್ಕು ಕಿಲೋಮೀಟರ್ ತೆವಳಿದ್ದಾನೆ,
ಮೂವತ್ತೆರಡು ಸೆಂಟ್ ದುಡಿದಿದ್ದಾನೆ,
ಎರಡು ಬಾಳೆಹಣ್ಣು ತಿಂದಿದ್ದಾನೆ.
ಹೇಳಿ ನಕ್ಕ. ನಾನೂ ನಕ್ಕೆ. ಅವನು ಮೊದಲು ನಿಲ್ಲಿಸಿದ.

ಸಾಲು ಸಣ್ಣದಾದರೆ ಸಾಲ ಸಣ್ಣದು.
ಸಾಲು ಬೆಳೆದರೆ ಯಾವ ಸಂಬಳವೂ ಸಾಲದು.

ನಮುಕೋಲೊ ಮಾತ್ರ ತಿಂಗಳ ಸಂಬಳದವಳು.
ಏಳು ಸಾವಿರ ಕ್ವಾಚಾ, ಜ್ವರ ಬಂದರೆ ರಜೆ,
ತಲೆಯ ಮೇಲೊಂದು ಕ್ಯಾಮೆರಾ;
ಆಕಳಿಸಿದರೆ ಅದು ಕಿರುಚುತ್ತದೆ, ಕಚೇರಿಗೆ ಚಾಡಿ ಹೇಳುತ್ತದೆ.
ಸಾಲಿನಲ್ಲಿ ನಿಂತಾಗ ಅದರ ಮುಖಕ್ಕೆ ತನ್ನ ಚಿಟೆಂಗೆ ಹೊದಿಸಿ
ಮಗುವನ್ನು ಮಲಗಿಸಿದವಳಂತೆ ಕೆಳಗಿಳಿದು ಬರುತ್ತಾಳೆ.
ಸೊಲ್ವೇಜಿಯ ಗಣಿಗೆ ಅರ್ಜಿ ಹಾಕಿದ್ದಾಳಂತೆ,
ಮನೆಯೆತ್ತರದ ಲಾರಿ, ಹನ್ನೆರಡು ತಾಸಿನ ಪಾಳಿ, ರಾತ್ರಿ ಸ್ವಂತ ಹಾಸಿಗೆ.
ಮೂರು ಜಾಗಕ್ಕೆ ನಾನೂರು ಅರ್ಜಿ.
ಅಲ್ಲಿಗೂ ಚಾಲಕನಿಲ್ಲದ ಲಾರಿ ಬರುತ್ತದೆಂಬ ಸುದ್ದಿ.
ಯಾರಿಗೂ ಹೇಳಬೇಡ ಅಂದಳು.
ಹೇಳಿಲ್ಲ. ಬರೆದುಕೊಂಡೆ, ಅಷ್ಟೇ.

ಹಳಿ ರಿಪೇರಿಯಾಗುತ್ತಿದೆ, ತಾಮ್ರವೆಲ್ಲ ಇನ್ನು ರೈಲಿಗೇ, ಅಂದ ಯಾರೋ.
ನಮ್ಮಪ್ಪನಿಗೂ ಹೀಗೇ ಹೆದರಿಸಿದ್ದರು, ಅಂದ ಮ್ವೈಪೊಪೊ.
ರೈಲು ಬಂತು. ರೈಲು ಕೆಟ್ಟಿತು. ಲಾರಿ ಇದೆ.
ಆದರೂ ಅವನು ಎದ್ದು ಹಳಿಯಿರುವ ದಿಕ್ಕಿಗೊಮ್ಮೆ ನೋಡಿದ.

ಕೊನೆಗೆ ನಮ್ಮ ಮುದುಕನನ್ನು ಕೇಳಿದೆ. ಮೂವತ್ತೊಂದು ವರ್ಷದ ಸ್ಟಿಯರಿಂಗ್.
ನನ್ನದನ್ನು ಬರೆಯುವಾಗ ನಿನ್ನದನ್ನು ಕಳೆದು ಬರೆ, ಅಂದ.
ಅರ್ಥವಾಗಲಿಲ್ಲ.
ಕಂಪನಿಯ ಪುಸ್ತಕದಲ್ಲಿ ಕ್ಲೀನರ್ ಅನ್ನುವ ಪದವೇ ಇಲ್ಲ ಮಾರಾಯ.
ಎರಡು ವರ್ಷದಿಂದ, ತಿಂಗಳ ಕೊನೆಗೆ,
ಸೀಟಿನ ಕೆಳಗಿಂದ ಅವನು ತೆಗೆದು ಕೊಟ್ಟ ನೋಟುಗಳು
ಕಂಪನಿ ಕೊಟ್ಟದ್ದೆಂದೇ ಅಂದುಕೊಂಡಿದ್ದೆ.
ಕಡಿಮೆಯೆಂದು ಬೈದುಕೊಂಡಿದ್ದೂ ಇದೆ, ಅವನೆದುರಿಗೇ.

ಫಾರಮ್ಮು ಮಡಚಿದೆ.
ನಾನು ಪರೀಕ್ಷೆ ಪಾಸಾದರೆ ತಾಡಪಾಲು ಬಿಗಿಯುವವರು ಯಾರು,
ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಮುಂದೆ ಬ್ರೇಕುಗಳು ಉಸಿರು ಬಿಟ್ಟವು.
ಸಾಲು ಸರಿಯುತ್ತಿದೆ.
ಮುದುಕ ಕಣ್ಣು ತೆರೆಯದೆ ಕೀಲಿ ಎಸೆದ: ಎಳಿ ಮುಂದಕ್ಕೆ.

ಇಪ್ಪತ್ತು ಮೀಟರ್, ಲೈಸೆನ್ಸಿಲ್ಲದೆ.
ಕಿಲೋಮೀಟರಿಗೆ ಎಂಟು ಸೆಂಟಿನಂತೆ ಇದಕ್ಕೆಷ್ಟು
ಅಂತ ಗುಣಿಸುತ್ತಿರುವಾಗಲೇ
ಹಿಂದಿನವನು ಹಾರ್ನ್ ಹೊಡೆದ.